ಎರಡೂ ಕಡೆಯ ತಡ

ಅಣ್ಣ ಪದ್ಯದ ಮೊದಲ ಸಾಲು ಎತ್ತಿಕೊಂಡ. ನಾನೂ ಎತ್ತಿಕೊಂಡೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನು ನನಗಾಗಿ ಸ್ವಲ್ಪ ತಡೆದ, ನಾನು ಅವನಿಗಾಗಿ ಸ್ವಲ್ಪ ತಡೆದೆ. ಮೂರನೆಯದಕ್ಕೆ, ಬಾಗಿಲಲ್ಲಿ ನಿಂತು ‘ನೀವು ಮುಂದೆ ನಡೀರಿ, ಇಲ್ಲ ನೀವು ನಡೀರಿ’ ಎನ್ನುವ ನೆಂಟರ ಹಾಗಾದೆವು. ನಾಲ್ಕನೆಯ ಸಾಲು ಹೊರಡಲೇ ಇಲ್ಲ.

“ಏನೇ ಬಾಲ, ಎಳೀತಾ ಇದ್ದೀಯಲ್ಲ,” ಎಂದ ಅಣ್ಣ, ಫೋನಿನ ಆ ಕಡೆಯಿಂದ.

“ನೀನೇ ಎಳೀತಿರೋದು.”

“ನಾನೆಲ್ಲಿ? ನೀನು ಬರಲಿ ಅಂತ ನಿಂತೆ.”

“ನಾನೂ ನೀನು ಬರಲಿ ಅಂತಲೇ ನಿಂತಿದ್ದು.”

ಅವನು ನಕ್ಕ. ನಗು ಹೋಗಿ ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ನಾನು ಮೇಜಿನ ಅಂಚನ್ನು ಬೆರಳಿನಿಂದ ಒರೆಸುತ್ತ ಕೂತೆ. “ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು,” ಎಂದ ಕೊನೆಗೆ, ಒಡಕು ದನಿಯಲ್ಲಿ. “ಕೋಣ ಯಾರು ಅಂತ ನಾನು ಹೇಳಲ್ಲ.”

ಬಾಲ ಎಂಬುದು ನನಗೆ ಅವನಿಟ್ಟ ಹೆಸರು. ನಡೆಯಲು ಕಲಿತಂದಿನಿಂದ ಅವನ ಹಿಂದೆಯೇ ಹೋದವಳು ನಾನು. ಅವನು ಓದಿದ ಶಾಲೆಯಲ್ಲೇ ಓದಿದೆ, ಅವನು ಸೇರಿದ ಕೆಲಸಕ್ಕೇ ಸೇರಿದೆ. ಹೊತ್ತನ್ನು ಕಾಯುವ ಕಚೇರಿ ನಮ್ಮದು. ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ ನಮ್ಮ ಗಡಿಯಾರವಿದೆ. ಅದಕ್ಕೆ ಮುಖವಿಲ್ಲ, ಮುಳ್ಳಿಲ್ಲ. ಬಟ್ಟೆ ಇಡುವ ಉಕ್ಕಿನ ಬೀರುವಿನಂತೆ ನಿಂತಿದೆ. ನೋಡಲು ಬಂದವರು ಅದರ ಮುಂದೆ ಭಯಭಕ್ತಿಯಿಂದ ನಿಂತು, “ಈಗ ಟೈಮೆಷ್ಟು?” ಎಂದು ಕೇಳಿ, ನಾವು ಹೇಳುವ ಮೊದಲೇ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಗೋಡೆಯ ಮೇಲಿನ ಒಂದು ಸಣ್ಣ ಪೆಟ್ಟಿಗೆ ಮಾತ್ರ ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತದೆ. ದಿನವೆಲ್ಲ ನನ್ನ ಜೊತೆ ಮಾತಾಡುವುದು ಅದೊಂದೇ.

ಅಂಥದೇ ಇನ್ನೊಂದು ಬೀರು ಒಂದು ದ್ವೀಪದಲ್ಲಿದೆ. ಹಡಗುಗಳಿಗೆ ಹೊತ್ತು ಹೇಳುವ ಠಾಣೆ ಅದು. ಮರದ ನೆಲದ ಒಂದು ಕಟ್ಟಡ, ಒಂದು ಎತ್ತರದ ಆಂಟೆನಾ, ನನ್ನ ಅಣ್ಣ, ಮತ್ತು ಅಡುಗೆಗೂ ಜನರೇಟರಿಗೂ ಇರುವ ಒಬ್ಬ ಮನುಷ್ಯ. ಆ ಮನುಷ್ಯ ಬಾಯಿ ಬಿಡುವುದು ಊಟಕ್ಕೆ ಮಾತ್ರ. “ಇಡೀ ದ್ವೀಪದಲ್ಲಿ ನಾನೇ ವಾಚಾಳಿ. ಅಂದ ಮೇಲೆ ನೀನೇ ಲೆಕ್ಕ ಹಾಕು,” ಎನ್ನುತ್ತಿದ್ದ ಅಣ್ಣ.

ಪ್ರತಿದಿನ ಬೆಳಿಗ್ಗೆ ಎರಡು ಗಡಿಯಾರಗಳನ್ನೂ ಹೋಲಿಸಿ ನೋಡುವುದು ನಮ್ಮಿಬ್ಬರ ಕೆಲಸ. ನಮ್ಮ ಬೀರು ಟಿಕ್ ಎಂದ ಕ್ಷಣ ಇಲ್ಲಿಂದ ಒಂದು ಸಂಕೇತ ಹೊರಡುತ್ತದೆ. ಅವರ ಬೀರು ಟಿಕ್ ಎಂದ ಕ್ಷಣ ಅಲ್ಲಿಂದ ಒಂದು. ಮಧ್ಯಾಕಾಶದಲ್ಲಿರುವ ಉಪಗ್ರಹವನ್ನು ಮುಟ್ಟಿ, ಒಂದನ್ನೊಂದು ಹಾದು, ಅದು ಇಲ್ಲಿಗೆ ಬರುತ್ತದೆ, ಇದು ಅಲ್ಲಿಗೆ ಹೋಗುತ್ತದೆ. ಬೆಳಕಿನ ವೇಗದಲ್ಲೇ ಹೋದರೂ ದಾರಿ ದೊಡ್ಡದು, ಕಾಲು ಸೆಕೆಂಡು ಹಿಡಿಯುತ್ತದೆ. ಅವರದು ನಮಗೆ ಎಷ್ಟು ತಡವಾಗಿ ಬಂತು, ನಮ್ಮದು ಅವರಿಗೆ ಎಷ್ಟು ತಡವಾಗಿ ತಲುಪಿತು ಎಂದು ಇಬ್ಬರೂ ಹೇಳಿಕೊಳ್ಳುತ್ತೇವೆ. ಎರಡೂ ಕಡೆಯ ತಡ ಸಮವಾಗಿದ್ದರೆ ಗಡಿಯಾರಗಳು ಸಮವಾಗಿವೆ. ಅಷ್ಟೇ. ಈಚೆಗೆ, ಹೇಳಿ ಮುಗಿಸಿದ ಮೇಲೆ, ಅದೇ ಉಪಗ್ರಹದ ಫೋನಿನಲ್ಲಿ, ಅಮ್ಮನ ಪದ್ಯ.

ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ನಮ್ಮ ಮನೆಯ ಮೂರು ಕೋಣೆಗಳು ರೈಲುಡಬ್ಬಿಗಳ ಹಾಗೆ ಒಂದರ ಹಿಂದೊಂದು. ನಡುವಿನದರ ಚಾವಣಿಯಲ್ಲಿ ಒಂದು ಗಾಜಿನ ಕಿಂಡಿಯಿತ್ತು. ಬೆಳಕು ಬೀಳುತ್ತದೆಂದು ಹೊಲಿಗೆಯಂತ್ರ ಅದರ ಕೆಳಗೇ ಇತ್ತು. ಸಂಜೆ ಅಣ್ಣ ಮುಂದಿನ ಕೋಣೆಯಲ್ಲಿ ಹೊಲಿದ ಬಟ್ಟೆಗಳಿಗೆ ಇಸ್ತ್ರಿ ಹಾಕುವನು, ನಾನು ಹಿಂದಿನ ಕೋಣೆಯಲ್ಲಿ ಗುಂಡಿ ಹಚ್ಚುವೆನು. ನಡುವೆ ಅಮ್ಮನ ಪಾದದ ಕೆಳಗೆ ಪೆಡಲು ಟಕ್, ಟಕ್ ಎನ್ನುವುದು. ಆ ಬಡಿತಕ್ಕೆ ಅಮ್ಮ ಪದ್ಯ ಎತ್ತಿಕೊಂಡರೆ ಮುಂದಿನಿಂದ ಅಣ್ಣನ ದನಿ, ಹಿಂದಿನಿಂದ ನನ್ನದು, ಒಂದೇ ಅಕ್ಷರಕ್ಕೆ ಕೂಡಿಕೊಳ್ಳುತ್ತಿದ್ದವು. ಯಾರು ಕಟ್ಟಿದ ಪದ್ಯಗಳೋ ಗೊತ್ತಿಲ್ಲ. ಅಮ್ಮನಿಗೆ ಅವಳ ಅಮ್ಮನಿಂದ ಬಂದವು. ಓದಿ ಕಲಿತದ್ದಲ್ಲ, ಕೇಳಿ ಕೇಳಿ ಕಿವಿಯಲ್ಲಿ ಕೂತದ್ದು. ದಿನ ಮುಗಿಯುವುದು ಯಾವಾಗಲೂ ಒಂದೇ ಪದ್ಯದಿಂದ. ಅದರ ಕೊನೆಯ ಮೂರು ಸಾಲು ಇವು:

ನಿನ್ನ ಕಾಣದೆ ನಿನ್ನ ಕರೆವೆನು
ಬೆನ್ನ ಹಿಂದೆಯೆ ಇರುವ ಗುರುವೇ
ಇನ್ನು ತಡವೇ ದಾರಿ ದೂರವೆ ನನ್ನ ದನಿಗಯ್ಯಾ

ಆ ಕೊನೆಯ ‘ಅಯ್ಯಾ’ವನ್ನು ಅಮ್ಮ ಉಸಿರು ಮುಗಿಯುವವರೆಗೆ ಎಳೆಯುತ್ತಿದ್ದಳು. ನಾವೂ ಎಳೆಯುತ್ತಿದ್ದೆವು. ಯಾರ ಉಸಿರು ಮೊದಲು ಮುಗಿಯಿತು ಎಂದು ಆಮೇಲೆ ಜಗಳ. ಪದ್ಯ ಹೇಳುವಾಗ ಅಣ್ಣನ ಪಾದ ಒಂದು ಕಡೆ ಇರುತ್ತಿರಲಿಲ್ಲ, ಪೆಡಲಿನ ಜೊತೆ ನೆಲ ಕುಟ್ಟುತ್ತಲೇ ಇರುವುದು. “ಇವನಿಗೆ ಇನ್ನೊಂದು ಮಿಷಿನ್ ಕಟ್ಟಿಬಿಟ್ಟರೆ ಸಂಸಾರ ನಡೆದುಹೋಗುತ್ತೆ,” ಎನ್ನುತ್ತಿದ್ದಳು ಅಮ್ಮ.

ಅಮ್ಮ ಹೋದಳು. ಯಂತ್ರ ಯಾರ ಮನೆ ಸೇರಿತೋ. ಪದ್ಯ ಉಳಿಯಿತು. ರಜೆಗೆ ಬಂದಾಗಲೆಲ್ಲ ಅಣ್ಣ ನನ್ನ ಬಾಡಿಗೆ ಕೋಣೆಯ ಕಿಟಕಿಯ ಹತ್ತಿರ ಕೂತು ಪಾದ ಕುಟ್ಟುತ್ತಿದ್ದ, ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ತಟ್ಟುವವರೆಗೂ ಹೇಳುತ್ತಿದ್ದೆವು. ಉಳಿದ ತಿಂಗಳುಗಳಲ್ಲಿ ನಾನೊಬ್ಬಳೇ ಮನಸ್ಸಿನಲ್ಲಿ. ದನಿ ಎತ್ತಿ ಹೇಳುವ ಅಭ್ಯಾಸ ನನಗೆ ಒಬ್ಬಳಿದ್ದಾಗ ಇಲ್ಲ. ಕೇಳುವುದರಲ್ಲೇ ಬೆಳೆದವಳು ನಾನು. ಇನ್ನೊಂದು ದನಿಯ ಪಕ್ಕದಲ್ಲಿ ಮಾತ್ರ ನನ್ನ ದನಿ ಹೊರಗೆ ಬರುತ್ತದೆ.

ಈ ಸಲದ ರಜೆಯಲ್ಲಿ ಅವನು ಗಂಟಲು ತೋರಿಸಿಕೊಂಡ. ಒಳಗೆ ಗಂಟು. ಚಿಕಿತ್ಸೆ ಕೊಟ್ಟರು, ಅದು ಜಗ್ಗಲಿಲ್ಲ. ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ದಿನ ಗೊತ್ತುಮಾಡಿಕೊಂಡು, ಅಲ್ಲಿಯವರೆಗೆ ಠಾಣೆಯನ್ನು ಹೊಸಬನಿಗೆ ಒಪ್ಪಿಸಲು ಸಿದ್ಧಮಾಡಿ ಬರುತ್ತೇನೆಂದು ಅವನು ಮತ್ತೆ ದ್ವೀಪಕ್ಕೆ ಹೋದ. ಹೊಸಬನನ್ನು ಇಳಿಸುವ ಹಡಗೇ ಅವನನ್ನು ಕರೆತರುತ್ತದೆ. ಬಂದ ಮಾರನೆಯ ಬೆಳಿಗ್ಗೆಯೇ, ಬಂದರಿನ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆ.

ನಾನು ಬಂದರಿಗೆ ಹೋಗಿ ಕಾಯುತ್ತೇನೆ ಎಂದೆ.

“ಕಾದು ಏನು ಮಾಡ್ತೀಯ? ದಡದಲ್ಲಿ ಕೂತರೆ ಅಲೆ ಎಣಿಸಬಹುದು ಅಷ್ಟೇ,” ಎಂದ. “ಈ ಫೋನು ಮಾತಾಡೋದು ಗಡಿಯಾರದ ಕೋಣೆಗೆ ಮಾತ್ರ. ನೀನು ಅಲ್ಲಿದ್ದರೆ ದಿನಾ ಸಿಗ್ತೀಯ. ಅದೂ ಅಲ್ದೆ, ದನಿ ಹಡಗಿನ ತನಕ ಬರುತ್ತೋ ಇಲ್ಲವೋ. ದಿನಾ ಸ್ವಲ್ಪ ಸ್ವಲ್ಪ ಗಂಟುಮೂಟೆ ಕಟ್ತಾ ಇದೆ ಅದು.”

ನಿಜ. ಒಂದೊಂದು ಬೆಳಿಗ್ಗೆಗೂ ಅವನ ದನಿ ಒಂದೊಂದು ಎಳೆ ಬಿಚ್ಚಿಕೊಳ್ಳುತ್ತಿತ್ತು. ಆದ್ದರಿಂದ ಇಬ್ಬರೂ ಒಂದೇ ಆಸೆ ಇಟ್ಟುಕೊಂಡೆವು. ಅವನ ದನಿ ಹೋಗುವ ಮೊದಲು ಆ ಪದ್ಯವನ್ನು ಒಮ್ಮೆ, ನಡುಮನೆಯಲ್ಲಿ ಅಮ್ಮ ಇದ್ದಾಗ ಹೇಳುತ್ತಿದ್ದ ಹಾಗೆ, ಅಕ್ಷರಕ್ಕೆ ಅಕ್ಷರ ಕೂಡಿಸಿ ಒಟ್ಟಿಗೆ ಹೇಳಬೇಕು. ದೊಡ್ಡ ಆಸೆಯೇನಲ್ಲ. ಆದರೆ ಆ ಕಾಲು ಸೆಕೆಂಡು ಅದಕ್ಕೂ ಬಿಡಲಿಲ್ಲ. ಅವನು ಹೇಳಿದ್ದು ನನಗೆ ತಡವಾಗಿ ಕೇಳುತ್ತದೆ. ಅದಕ್ಕೆ ನಾನು ಹೊಂದಿಕೊಂಡರೆ ನನ್ನದು ಅವನಿಗೆ ಇನ್ನೂ ತಡವಾಗಿ ಕೇಳುತ್ತದೆ. ಅವನು ನಿಲ್ಲುತ್ತಾನೆ, ನಾನೂ ನಿಲ್ಲುತ್ತೇನೆ. ಪ್ರೀತಿ ಹೆಚ್ಚಾದಷ್ಟೂ ಪದ್ಯ ನಿಧಾನ.

ಒಂದು ದಿನ ನಾನೊಂದು ಉಪಾಯ ಮಾಡಿದೆ. ಅವನಿಗೆ ಹೇಳಲಿಲ್ಲ. ಅವನ ದನಿಗೆ ಕಾಯದೆ, ಅದಕ್ಕಿಂತ ಒಂದು ಗುಟುಕು ಮುಂಚೆಯೇ ಪ್ರತಿ ಸಾಲನ್ನೂ ಹಿಡಿದೆ. ನನ್ನ ದನಿ ದಾರಿ ಸವೆಸಿ ಅವನ ಕಿವಿ ಮುಟ್ಟುವಾಗ ಅವನೂ ಅದೇ ಅಕ್ಷರದಲ್ಲಿರಬೇಕು, ಹಾಗೆ. ನನ್ನ ಕಿವಿಗೆ ಅವನು ಬಹಳ ಹಿಂದೆ, ಬೇರೆ ಯಾವುದೋ ಓಣಿಯಲ್ಲಿ ನಡೆಯುತ್ತಿರುವವನಂತೆ ಕೇಳುತ್ತಿದ್ದ. ಕಿವಿ ಮುಚ್ಚಿಕೊಂಡವಳಂತೆ ಮುಗಿಸಿದೆ.

“ಬಂತು,” ಎಂದ ಅಣ್ಣ. ಆಮೇಲೆ, “ಬಾಲ, ಇವತ್ತು ಕೂಡಿಬಂತು ಕಣೇ. ನಿನಗೂ ಹಾಗೇ ಕೇಳಿಸ್ತಾ?”

“ಕೇಳಿಸ್ತು,” ಎಂದೆ.

ಅಂದು ಕೋಣೆಗೆ ಹೋಗಿ ಅನ್ನ ಬೇಯಲಿಟ್ಟು ಗೋಡೆ ನೋಡುತ್ತ ನಿಂತೆ. ಅವನಿಗೆ ಸಿಕ್ಕಿತು, ಸಾಲದೇ ಎಂದು ಕೇಳಿಕೊಂಡೆ. ಸಾಲದು ಎಂದಿತು ಮನಸ್ಸು. ಅನ್ನ ತಳ ಹಿಡಿಯಿತು.

ಮಾರನೆಯ ದಿನ ಮತ್ತೆ ಹಾಗೆಯೇ ಮುಂಚಿತವಾಗಿ ಹಿಡಿದೆ. ಆದರೆ ಏನೋ ಆಯಿತು. ಅವನೂ ಮುಂದೆ ಹಾರಿದ. ನಾನು ಇನ್ನೂ ಮುಂದೆ ಹಾರಿದೆ. ಅವನು ಅದಕ್ಕಿಂತ ಮುಂದೆ. ಪದ್ಯ ಗುಡ್ಡದಿಂದ ಬಿಟ್ಟ ಡ್ರಮ್ಮಿನ ಹಾಗೆ ಉರುಳಿತು, ‘ಬೆನ್ನ ಹಿಂದೆಯೆ’ ಎನ್ನುವಲ್ಲಿ ಇಬ್ಬರ ನಾಲಗೆಯೂ ತೊಡರಿ ಬಿದ್ದಿತು.

“ಏನು ಬೆನ್ನಿಗೆ ನಾಯಿ ಬಿದ್ದಿದೆಯಾ ನಿನಗೆ?” ಎಂದ.

“ನಿನಗೆ ಬಿದ್ದಿದೆಯಾ?”

ಕಾಲು ಸೆಕೆಂಡು, ಮತ್ತೆ ಕಾಲು ಸೆಕೆಂಡು. ಆಮೇಲೆ ಅವನು ಮೆಲ್ಲನೆ ಕೇಳಿದ, “ನೆನ್ನೆ ನೀನು ಮುಂಚೆ ಶುರು ಮಾಡಿದ್ದೆ ಅಲ್ವಾ?”

ನಾನು ಮತ್ತೆ ಮೇಜಿನ ಅಂಚು ಒರೆಸಿದೆ.

“ನನಗೆ ರಾತ್ರಿ ಹೊಳೀತು. ನನಗೆ ಕೂಡಿಬಂದಿದ್ದರೆ ನಿನಗೆ ಬಂದಿರೋಕೆ ಸಾಧ್ಯ ಇಲ್ಲ. ಅದಕ್ಕೇ ಇವತ್ತು ನಿನಗೆ ಬರಲಿ ಅಂತ ನಾನು ಮುಂಚೆ ಹಿಡಿದೆ.”

ಇಬ್ಬರೂ ನಕ್ಕೆವು. ನಗು ಕೂಡ ಒಬ್ಬರದು ಒಬ್ಬರಿಗೆ ತಡವಾಗಿಯೇ ತಲುಪಿತು.

ನಮ್ಮ ವಿಭಾಗದ ಹಿರಿಯ ವಿಜ್ಞಾನಿಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಾರೆ. ಬೆಳಕಿನ ಮೇಲೆ ಪಿಎಚ್‌ಡಿ ಮಾಡಿದವರು. ಕಾವಲಿನವನು ಮಾತ್ರ ಇವತ್ತಿಗೂ ಮಂಡಿನೋವಿಗೆ ಮದ್ದು ಕೇಳುತ್ತಾನೆ, ಅವರೂ ಪಾಪ ಬಿಸಿನೀರಿನ ಶಾಖ ಕೊಡು ಎನ್ನುತ್ತಾರೆ. ಅಂದು ಅವರು ಬೀರುವಿನ ತಂಪನ್ನು ನೋಡಲು ಬಂದವರು ನನ್ನ ಮುಖ ನೋಡಿ ಕುರ್ಚಿ ಎಳೆದುಕೊಂಡರು. ಎಲ್ಲವನ್ನೂ ಹೇಳಿದೆ. ಉಪಾಯ ಮಾಡಿದ್ದು, ಉರುಳಿದ್ದು.

“ದಿನಾ ಬೆಳಿಗ್ಗೆ ಗಡಿಯಾರಗಳಿಗೆ ಏನು ಮಾಡ್ತೀಯಮ್ಮ ನೀನು?” ಎಂದರು.

“ಹೋಲಿಸ್ತೀನಿ.”

“ನಮ್ಮ ಗಡಿಯಾರ ಆ ಗಡಿಯಾರದ ಟಿಕ್ ಕೇಳೋವರೆಗೆ ಕಾಯುತ್ತಾ?”

“ಇಲ್ಲ.”

“ಅದು ತನ್ನ ಪಾಡಿಗೆ ಟಿಕ್ ಅನ್ನುತ್ತೆ. ಇದು ತನ್ನ ಪಾಡಿಗೆ. ಇದಕ್ಕೆ ಅದು ತಡ, ಅದಕ್ಕೆ ಇದು ತಡ. ಎರಡೂ ತಡ ಸಮ. ಅದಕ್ಕೇ ಅಲ್ವಾ ಒಟ್ಟಿಗೆ ಇವೆ ಅಂತ ನಾವು ಹೇಳೋದು? ನಿಮ್ಮಿಬ್ಬರಲ್ಲಿ ಒಬ್ಬರ ಕಿವಿಗೆ ಕೂಡಿಬಂದರೆ ಅದು ಒಟ್ಟಿಗೆ ಅಲ್ಲ. ಇಬ್ಬರಿಗೂ ತಡವಾಗಿ, ಸಮವಾಗಿ ತಡವಾಗಿ ಕೇಳಿಸಿದರೆ ಮಾತ್ರ ಒಟ್ಟಿಗೆ.”

ಗೋಡೆಯ ಪೆಟ್ಟಿಗೆ ಟಿಕ್ ಎನ್ನುತ್ತಿತ್ತು. ಅಣ್ಣನ ಗೋಡೆಯಲ್ಲೂ ಅಂಥದೊಂದು ಇದೆ. ಅದಕ್ಕೆ ಅವನು ಹೇಳಬೇಕು, ಇದಕ್ಕೆ ನಾನು.

“ಹೋಗುವ ದಾರಿಯಲ್ಲೂ ಬರುವ ದಾರಿಯಲ್ಲೂ ಬೆಳಕಿಗೆ ಒಂದೇ ವೇಗ ಅಂತ ಹೇಗೆ ಗೊತ್ತು ಡಾಕ್ಟರಮ್ಮ?” ಎಂದು ಕೇಳಿದೆ. ಎಷ್ಟೋ ಕಾಲದಿಂದ ಕೇಳಬೇಕೆಂದಿದ್ದ ಪ್ರಶ್ನೆ ಅದು.

ಅವರಿಗೆ ಖುಷಿಯಾಯಿತು. “ಬೆಳಕು ಒಂಥರಾ ಹಟಮಾರಿ. ಹಿಂದೆ ಅಟ್ಟಿಸಿಕೊಂಡು ಹೋಗಿ ಅಳೆದರೂ ಅದೇ ವೇಗ, ಎದುರು ನುಗ್ಗಿ ಅಳೆದರೂ ಅದೇ ವೇಗ. ಆದರೆ ನಾವು ಅಳೆದದ್ದೆಲ್ಲ ಹೋಗಿ ಬಂದದ್ದನ್ನ. ಬರೀ ಹೋದದ್ದನ್ನ ಅಳೀಬೇಕಾದರೆ ಎರಡೂ ತುದಿಯಲ್ಲಿ ಸರಿಮಾಡಿದ ಗಡಿಯಾರ ಬೇಕು. ಗಡಿಯಾರ ಸರಿಮಾಡಬೇಕಾದರೆ ಹೋಗುವ ವೇಗ ಗೊತ್ತಿರಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ. ಅದಕ್ಕೆ ಹೋಗೋದೂ ಬರೋದೂ ಸಮ ಅಂತ ಇಟ್ಟುಕೊಂಡು ಕೂತಿದ್ದೀವಿ. ಇಟ್ಟುಕೊಂಡದ್ದು ಎಲ್ಲೂ ಕೈಕೊಟ್ಟಿಲ್ಲ.”

“ನಂಬಿಕೆ ಅನ್ನಿ.”

“ಒಪ್ಪಂದ ಅನ್ನಮ್ಮ, ನನ್ನ ಕೆಲಸ ಹೋದೀತು,” ಎಂದು ನಕ್ಕರು. ಏಳುತ್ತ, “ಇನ್ನೊಂದು. ಭಾರಿ ವೇಗದಲ್ಲಿ ಹಾದುಹೋಗೋ ಯಾರಾದರೂ ನಿಮ್ಮನ್ನ ನೋಡಿದರೆ, ಒಬ್ಬರು ಮೊದಲು, ಒಬ್ಬರು ಆಮೇಲೆ ಹೇಳಿದರು ಅಂತಾರೆ. ಅವರೂ ಸುಳ್ಳು ಹೇಳ್ತಿರಲ್ಲ. ಒಟ್ಟಿಗೆ ಅನ್ನೋದು ಲೋಕಕ್ಕೆಲ್ಲ ಅಲ್ಲ, ನಿಮ್ಮಿಬ್ಬರಿಗೆ ಮಾತ್ರ.”

ಆ ಮಾತು ನನಗೆ ಹಿತವಾಗಿ ಕೇಳಿಸಿತು. ಲೋಕಕ್ಕೆಲ್ಲ ಬೇಕೆಂದು ನಾವೇನೂ ಕೇಳಿರಲಿಲ್ಲ.

ಪ್ರತಿ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಕೈಮುಗಿದು ನಾನು ಹೇಳಿಕೊಳ್ಳುವ ಮಾತುಗಳೂ ಎಲ್ಲಿಗೋ ಹೋಗುತ್ತವೆ. ಅಲ್ಲಿಂದ ಯಾವ ಸಂಕೇತವೂ ಮರಳಿ ಬಂದದ್ದಿಲ್ಲ. ಬಂದಿದ್ದರೆ ಹೋಗಿಬಂದ ಹೊತ್ತನ್ನು ಅರ್ಧ ಮಾಡಿ ದೂರ ಎಷ್ಟೆಂದು ತಿಳಿಯಬಹುದಿತ್ತು. ಬೆನ್ನ ಹಿಂದೆಯೇ ಇದ್ದಾನೆಂದು ಅಮ್ಮನ ಪದ್ಯ ಹೇಳುತ್ತದೆ, ನಾನು ಹಾಗೆಂದೇ ಇಟ್ಟುಕೊಂಡಿದ್ದೇನೆ. ಅದೂ ಕೈಕೊಟ್ಟಿಲ್ಲ.

ಅಣ್ಣನಿಗೆ ಹೇಳಿದೆ. ಅವನು ತಕ್ಷಣ ಹಿಡಿದುಕೊಂಡ. “ಟಿಕ್ಕಿಗೆ ಹೇಳೋಣ. ಅಮ್ಮನ ಪಾದಕ್ಕಿಂತ ಸ್ವಲ್ಪ ನಿಧಾನ, ಪರವಾಗಿಲ್ಲ, ಅಮ್ಮನಿಗೆ ವಯಸ್ಸಾಯ್ತು ಅಂದ್ಕೊಳ್ಳೋಣ.” ಒಮ್ಮೆ ನೋಡಿದೆವು. ಆಗಲಿಲ್ಲ. ಟಿಕ್ಕಿಗೆ ಹೊರಟ ನನ್ನ ನಾಲಗೆಯನ್ನು ಅವನ ತಡವಾದ ದನಿ ತೋಳು ಹಿಡಿದು ಹಿಂದಕ್ಕೆ ಎಳೆಯಿತು. ಅವನಿಗೂ ಅಷ್ಟೇ. ಆ ದನಿ ಕಿವಿಗೆ ಬಿದ್ದರೆ ಅದರ ಹಿಂದೆ ಹೋಗದೆ ಇರುವುದು ನನಗೆ ಹುಟ್ಟಿದಾಗಿನಿಂದ ಗೊತ್ತಿಲ್ಲ.

“ಹಾಗಾದರೆ ಕೇಳೋದು ಬೇಡ,” ಎಂದ ಅಣ್ಣ.

“ಅಂದರೆ?”

“ಡಬ್ಬಿಯ ಗುಂಡಿ ತಿರುಗಿಸಿ ದನಿ ಪೂರ್ತಿ ತಗ್ಗಿಸಿಬಿಡೋಣ. ನೀನೂ, ನಾನೂ. ಹೇಳೋದಷ್ಟೇ.”

ನಮ್ಮ ಫೋನು ಕಿವಿಗೆ ಹಿಡಿಯುವಂಥದಲ್ಲ. ಮೇಜಿನ ಮೇಲೊಂದು ಡಬ್ಬಿ, ಅದಕ್ಕೊಂದು ಜಾಲರಿ, ದನಿ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿ. ನಾನು ಆ ಗುಂಡಿಯನ್ನು ನೋಡಿದೆ. ಕೇಳಿದರೆ ಒಟ್ಟಿಗೆ ಇಲ್ಲ. ಒಟ್ಟಿಗೆ ಬೇಕಾದರೆ ಕೇಳುವ ಹಾಗಿಲ್ಲ. ಅವನ ದನಿಯಲ್ಲಿ ಉಳಿದಿದ್ದದ್ದು ಒಂದು ಪದ್ಯಕ್ಕಾಗುವಷ್ಟು.

“ನಿನ್ನ ದನಿ ನಾನು ಇನ್ನೊಂದು ಸಲ ಕೇಳಬಾರದಾ ಅಣ್ಣ?” ಎಂದೆ.

ಉತ್ತರ ಬರಬೇಕಾದ್ದಕ್ಕಿಂತ ತಡವಾಗಿ ಬಂತು. “ಇಷ್ಟು ವರ್ಷ ಕೇಳಿದ್ದೀಯಲ್ಲೇ.”

“ಅಲ್ಲೇ ರೆಕಾರ್ಡ್ ಮಾಡಿಡು. ಆಮೇಲೆ ಕೇಳ್ತೀನಿ.”

“ಈ ಹರಕು ದನೀನ? ಬೇಡ. ಕಿವಿಯಲ್ಲಿ ನನ್ನ ಒಳ್ಳೇ ದನಿ ಇದೆ ತಾನೆ ನಿನಗೆ, ಇದು ಬಂದು ಅದರ ಮೇಲೆ ಕೂತುಬಿಡುತ್ತೆ. ಅಮ್ಮನ ದನಿ ಯಾವ ಡಬ್ಬೀಲಿದೆ ಹೇಳು? ಇದೆಯಲ್ಲ ಆದರೂ.” ಸ್ವಲ್ಪ ಉಸಿರು ತೆಗೆದುಕೊಂಡ. “ಮುಂದೆ ನಾನು ಸುಮ್ಮನಿರೋದೇ ಕೆಲಸ. ಒಂದು ಸಲ ನಿನ್ನ ಜೊತೆಗೆ ಹೇಳಿ ಸುಮ್ಮನಾಗ್ತೀನಿ. ನಿನಗೆ ಕೇಳಿಸ್ಲಿ ಅಂತ ಅಲ್ಲ. ಜೊತೆಗೆ.”

ಆಗಲಿ ಎಂದೆ. ಅವನ ಹಿಂದೆ ಹೋಗುವುದು ಬಿಟ್ಟು ನನಗೆ ಬೇರೆ ತಿಳಿಯದು. ಈ ಸಲ ಹಿಂದೆ ಹೋಗಬಾರದು ಎಂದು ಅವನೇ ಹೇಳಿದ, ಅದನ್ನೂ ಕೇಳಿದೆ.

ಹಡಗು ಬರುವ ಬೆಳಿಗ್ಗೆ ಬಂತು. ನನ್ನ ಚೀಲ ಮೇಜಿನ ಕೆಳಗೆ ಸಿದ್ಧವಾಗಿತ್ತು. ಹೋಲಿಕೆ ಮುಗಿಸಿದೊಡನೆ ರೈಲು ಹತ್ತಿದರೆ, ಶಸ್ತ್ರಚಿಕಿತ್ಸೆ ಮುಗಿದು ಅವನಿಗೆ ಎಚ್ಚರ ಬರುವ ಹೊತ್ತಿಗೆ ನಾನು ಪಕ್ಕದಲ್ಲಿರುತ್ತೇನೆ. ಡಾಕ್ಟರಮ್ಮ ಬಾಗಿಲು ಹೊರಗಿನಿಂದ ಎಳೆದುಕೊಂಡು, ಒಳಗೆ ಯಾರನ್ನೂ ಬಿಡಬೇಡ ಎಂದು ಕಾವಲಿನವನಿಗೆ ಹೇಳಿದ್ದು ಕೇಳಿಸಿತು.

ಗಡಿಯಾರಗಳು ಸಮವಾಗಿದ್ದವು. ಅವನ ಕಡೆಯ ತಡ ಅವನು ಹೇಳಿದ, ನನ್ನ ಕಡೆಯದು ನಾನು ಹೇಳಿದೆ. ಹೇಳುವಷ್ಟರಲ್ಲೇ ಅವನ ದನಿ ಎರಡು ಸಲ ಜಾರಿತು.

“ಹಡಗು ಕಾಣ್ತಾ ಇದೆ,” ಎಂದ. “ಹೊಸಬ ಕೈ ಬೀಸ್ತಾ ಇದ್ದಾನೆ. ಬಂದ ಮೇಲೆ ಗೊತ್ತಾಗುತ್ತೆ ಪಾಪ. ಸರಿ, ನಿಮಿಷ ಕೂಡೋ ಟಿಕ್ಕಿಗೆ ಶುರು. ಗುಂಡಿ ತಗ್ಗಿಸು.”

“ನೀನು?”

“ತಗ್ಗಿಸ್ದೆ.”

ನಾನೂ ತಗ್ಗಿಸಿದೆ. ಜಾಲರಿಯ ಹಿಂದಿನ ಸಣ್ಣ ಮೊರೆತವೂ ನಿಂತಿತು. ಕೋಣೆಯಲ್ಲಿ ಟಿಕ್ ಒಂದೇ ಉಳಿಯಿತು. ಇಷ್ಟು ಖಾಲಿಯಾಗಿ ಆ ಕೋಣೆಯನ್ನು ನಾನು ಕೇಳಿರಲಿಲ್ಲ. ನಿಮಿಷ ಕೂಡಿತು. ಬಾಯಿ ತೆರೆದೆ.

ನನ್ನ ದನಿ ನನಗೇ ಅಪರಿಚಿತವಾಗಿತ್ತು. ಪಕ್ಕದಲ್ಲಿ ಇನ್ನೊಂದು ದನಿಯಿಲ್ಲದೆ ಅದು ಗೋಡೆಗೆ ಹೋಗಿ ಬಡಿದು ಬರುತ್ತಿತ್ತು. ಮೊದಲ ಸಾಲು. ಅವನೂ ಈಗ ಇದೇ ಅಕ್ಷರದಲ್ಲಿದ್ದಾನೆ ಎಂದುಕೊಂಡೆ. ಎರಡನೆಯ ಸಾಲು. ಇದ್ದಾನೆಯೇ? ಕೆಮ್ಮು ಬಂದಿದ್ದರೆ? ನಿಂತುಹೋಗಿದ್ದರೆ? ಗುಂಡಿಯ ಮೇಲೆ ಬೆರಳಿತ್ತು. ಒಂದು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ತಿಳಿಯುತ್ತದೆ, ತಿಳಿದರೆ ತಪ್ಪುತ್ತದೆ. ತಿರುಗಿಸಲಿಲ್ಲ. ಮೂರನೆಯ ಸಾಲು ಮುಗಿದು ‘ನಿನ್ನ ಕಾಣದೆ ನಿನ್ನ ಕರೆವೆನು’ ಎಂದು ತಿರುಗಿದಾಗ, ಹಿಂದಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತ ಕೂತು, ಮುಂದಿನ ಕೋಣೆಯಲ್ಲಿ ಅಣ್ಣ ಕಾಣಿಸದಿದ್ದರೂ ಇದ್ದಾನೆಂದು ಎಂದೂ ಅನುಮಾನಿಸದೆ ಹೇಳುತ್ತಿದ್ದದ್ದು ನೆನಪಾಯಿತು. ಆಮೇಲೆ ಅನುಮಾನ ಬರಲಿಲ್ಲ. ಒಂಟಿ ಎನ್ನುವುದು ಮಾತ್ರ ಹೋಗಲಿಲ್ಲ.

‘ನನ್ನ ದನಿಗಯ್ಯಾ.’ ಕೊನೆಯ ಅಕ್ಷರವನ್ನು ಎಳೆದೆ, ಉಸಿರು ಮುಗಿಯುವವರೆಗೆ, ಮತ್ತು ಎಳೆಯುತ್ತಲೇ ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಅವನ ‘ಅಯ್ಯಾ’ದ ಬಾಲವಾದರೂ ಸಿಗುತ್ತದೆ ಎಂದು. ಅದು ಇನ್ನೂ ದಾರಿಯಲ್ಲಿರಬೇಕು.

ದನಿ ಇರಲಿಲ್ಲ.

ಮರದ ನೆಲವನ್ನು ಬೂಟಿನ ಪಾದ ಕುಟ್ಟುತ್ತಿತ್ತು. ಟಕ್. ಟಕ್. ನನ್ನ ಗೋಡೆಯ ಟಿಕ್ಕಿನ ಹಿಂದೆ, ಸ್ವಲ್ಪವೇ ಹಿಂದೆ.

ನಾನು ಅಲುಗಾಡದೆ ಕೇಳಿದೆ. ಕೇಳುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ. ದನಿ ಕೈಕೊಟ್ಟ ಮೇಲೆ ಅವನು ಗುಂಡಿ ತಿರುಗಿಸಿ ನನ್ನ ಪದ್ಯ ಕೇಳುತ್ತ ಅದಕ್ಕೆ ನೆಲ ಕುಟ್ಟಿದ್ದರೆ, ನನ್ನದು ಅಲ್ಲಿಗೆ ಹೋಗಲು ಕಾಲು ಸೆಕೆಂಡು, ಅವನದು ಇಲ್ಲಿಗೆ ಬರಲು ಕಾಲು, ಬಡಿತ ಅರ್ಧ ಸೆಕೆಂಡು ತಡವಾಗಿ, ಎರಡು ಟಿಕ್ಕುಗಳ ನಟ್ಟನಡುವೆ ಬೀಳಬೇಕಿತ್ತು. ಅದು ಅಷ್ಟು ತಡವಾಗಿರಲಿಲ್ಲ. ಇಷ್ಟು ಬೆಳಿಗ್ಗೆಗಳಲ್ಲಿ ನನ್ನ ಕಿವಿಗೆ ಪಳಗಿದ ಅದೇ ತಡ, ಒಂದೇ ಹಾದಿಯ ತಡ. ಅವನು ನನ್ನನ್ನು ಕೇಳುತ್ತಿರಲಿಲ್ಲ. ತನ್ನ ಗೋಡೆಯ ಟಿಕ್ಕಿಗೆ, ನನ್ನ ಜೊತೆಯಲ್ಲೇ ಇದ್ದ.

ಬಡಿತ ನಿಂತಿತು.

“ಅಣ್ಣ,” ಎಂದೆ.

ಅವನಿಗೆ ಗುಂಡಿ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಬಂದದ್ದು ದನಿಯಲ್ಲ, ಬರೀ ಗಾಳಿ. ಕಾಗದ ಉಜ್ಜಿದ ಹಾಗೆ. “ಎರಡನೇ ಸಾಲಿಗೇ ಹೋಯ್ತು.”

“ಗೊತ್ತಾಯ್ತು.”

“ಕೇಳಬೇಕು ಅನ್ನಿಸ್ತು ಕಣೇ. ಗುಂಡಿ ಮೇಲೆ ಕೈ ಇಟ್ಟೆ.”

“ತಿರುಗಿಸಲಿಲ್ಲ.”

“ನಿನಗೆ ಹೇಗೆ ಗೊತ್ತು?”

“ಗಡಿಯಾರದ ಕೆಲಸದವಳಲ್ವಾ.”

ಅವನು ನಕ್ಕಿರಬೇಕು. ಜಾಲರಿಯಲ್ಲಿ ಗಾಳಿ ಎರಡು ಸಲ ತುಂಡುತುಂಡಾಗಿ ಬಂತು. ಆಮೇಲೆ ದೂರದಲ್ಲಿ ಹಡಗಿನ ಶಿಳ್ಳೆ. ಯಾರದೋ ಎಳೆಯ ಗಟ್ಟಿ ದನಿ, “ಸಾರ್, ಇದನ್ನ ಎಲ್ಲಿಡಲಿ?” ಎಂದು ಕೇಳಿತು. ಉತ್ತರ ಕೇಳಿಸಲಿಲ್ಲ, ಕೈ ತೋರಿಸಿರಬಹುದು. ಡಬ್ಬಿ ಆರಿತು.

ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಡಾಕ್ಟರಮ್ಮ ಗೋಡೆಗೆ ಒರಗಿ ನಿಂತಿದ್ದರು, ಕಾವಲಿನವನು ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ಕೂತಿದ್ದ.

“ಆಯ್ತೇನಮ್ಮ?”

“ಆಯ್ತು.”

“ಒಟ್ಟಿಗೆ?”

ಹೂಂ ಎಂದೆ. ಮೆಟ್ಟಿಲು ಹತ್ತುವಾಗ ಕಾವಲಿನವನು ಡಾಕ್ಟರಮ್ಮನಿಗೆ ಹೇಳುತ್ತಿದ್ದದ್ದು ಕೇಳಿಸಿತು, “ಒಳಗೆ ಇವರೊಬ್ಬರ ದನಿಯೇ ಬರ್ತಿತ್ತಲ್ಲ ಅಮ್ಮಾ.” ಅವರು ಏನೆಂದರೋ ತಿಳಿಯದು. ಬೀದಿ ಗದ್ದಲದಿಂದ ತುಂಬಿತ್ತು. ರೈಲುನಿಲ್ದಾಣದವರೆಗೂ ನಡೆದೇ ಹೋದೆ, ಪಾದ ತಾನಾಗಿ ಸೆಕೆಂಡಿಗೊಂದರಂತೆ ಬೀಳುತ್ತಿತ್ತು.